ಪರದೇಶದ ವಿದ್ಯಾರ್ಥಿಯೂ ಮೊದಲ ಮೂರು ತಿಂಗಳ ಆರೋಗ್ಯವಿಮೆಯೂ

ಮಗನನ್ನಾಗಲಿ ಮಗಳನ್ನಾಗಲಿ ಓದಿಗಾಗಿ ಸಮುದ್ರದಾಚೆಗೆ ಕಳುಹಿಸುವ ಮನೆಯಲ್ಲಿ, ಹೊರಡುವ ದಿನವು ಸಮೀಪಿಸಿದಂತೆಲ್ಲ ಪಟ್ಟಿಯು ಉದ್ದವಾಗುತ್ತ ಹೋಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಉಣ್ಣೆಯ ಅಂಗಿ, ಚಿಕ್ಕದೊಂದು ಕುಕ್ಕರು, ಇವುಗಳಲ್ಲಿ ಒಂದನ್ನೂ ಮರೆಯದೆ ತಾಯಿಯು ಕಟ್ಟಿಡುತ್ತಾಳೆ. ತಂದೆಯು ಬ್ಯಾಂಕಿನ ಸಾಲದ ಕಾಗದಗಳನ್ನೂ ವಿಶ್ವವಿದ್ಯಾನಿಲಯದ ಶುಲ್ಕದ ಪಟ್ಟಿಯನ್ನೂ ಮುಂದಿಟ್ಟುಕೊಂಡು ಕೂಡುತ್ತ ಕಳೆಯುತ್ತ ಕುಳಿತಿರುತ್ತಾನೆ. ಆ ಶುಲ್ಕದ ಪಟ್ಟಿಯ ಕೆಳಭಾಗದಲ್ಲಿ ‘ತಾತ್ಕಾಲಿಕ ಆರೋಗ್ಯವಿಮೆ’ ಎಂಬರ್ಥದ ಒಂದು ಸಾಲಿರುವುದುಂಟು. ಬೋಧನಾಶುಲ್ಕದ ಮುಂದೆ ಅದು ಅಲ್ಪವಾದ ಮೊತ್ತ. ಆದುದರಿಂದಲೇ ಅದರ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ನಿಂತರೂ, “ಹುಡುಗನು ಗಟ್ಟಿಮುಟ್ಟಾಗಿದ್ದಾನೆ, ಇವನಿಗೇಕೆ ಈ ದಂಡ?” ಎಂದು ಕೇಳುವವರೇ ಹೆಚ್ಚು. ಆ ಒಂದು ಸಾಲಿನ ಅರ್ಥವನ್ನು ಗೃಹಸ್ಥರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಒಂದು ಸ್ಥಳವನ್ನು ಹಿಡಿದು ಹೇಳಿದರೆ ವಿಷಯವು ಸ್ಪಷ್ಟವಾದೀತು. ಕೆನಡಾ ದೇಶದ ಪಶ್ಚಿಮ ತೀರದಲ್ಲಿ ಬ್ರಿಟಿಷ್ ಕೊಲಂಬಿಯಾ ಎಂಬ ಪ್ರಾಂತವಿದೆ. ವ್ಯಾಂಕೂವರ್ ನಗರವಿರುವುದು ಅಲ್ಲಿಯೇ. ಕೆನಡಾದಲ್ಲಿ ಆರೋಗ್ಯವಿಮೆಯನ್ನು ನಡೆಸತಕ್ಕವರು ಪ್ರಾಂತ ಸರ್ಕಾರದವರು. ಸಸ್ಕಾಚೆವಾನ್ ಪ್ರಾಂತವು 1947ರಲ್ಲಿ ಆಸ್ಪತ್ರೆಯ ವೆಚ್ಚಕ್ಕೂ 1962ರಲ್ಲಿ ವೈದ್ಯರ ವೆಚ್ಚಕ್ಕೂ ಸಾರ್ವಜನಿಕ ವಿಮೆಯನ್ನು ಏರ್ಪಡಿಸಿ ದಾರಿ ತೋರಿಸಿತು. ಮಿಕ್ಕ ಪ್ರಾಂತಗಳು ಕ್ರಮೇಣ ಅದನ್ನು ಅನುಸರಿಸಿದುವು. ಆದರೆ ಹೊಸದಾಗಿ ಬಂದವರೆಲ್ಲರಿಗೂ ಬಂದ ದಿನವೇ ಈ ವಿಮೆಯ ಬಾಗಿಲು ತೆರೆಯುವುದಿಲ್ಲ. ಮೂರು ತಿಂಗಳಿಗೆ ಮೀರದಷ್ಟು ಕಾಲ ಅವರನ್ನು ಕಾಯಿಸಲು 1984ರ ಕೆನಡಾ ಆರೋಗ್ಯ ಶಾಸನವು ಪ್ರಾಂತಗಳಿಗೆ ಅವಕಾಶ ಕೊಟ್ಟಿದೆ.

ಬ್ರಿಟಿಷ್ ಕೊಲಂಬಿಯಾದವರು ಈ ಅವಕಾಶವನ್ನು ಬಳಸಿಕೊಂಡಿದ್ದಾರೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲದ ವ್ಯಾಸಂಗದ ಅನುಮತಿಯುಳ್ಳ ವಿದ್ಯಾರ್ಥಿಯು ಪ್ರಾಂತದ ವೈದ್ಯಸೇವಾ ಯೋಜನೆಗೆ ಸೇರಲೇಬೇಕು. ಆದರೆ ಬಂದ ತಿಂಗಳಿನಲ್ಲಿ ಉಳಿದ ದಿನಗಳು, ಅದರ ಮೇಲೆ ಎರಡು ಪೂರ್ಣ ತಿಂಗಳುಗಳು, ಇಷ್ಟು ಕಾಲ ಕಳೆದ ಮೇಲೆಯೇ ಆತನಿಗೆ ಅದರ ರಕ್ಷಣೆ. ಲೆಕ್ಕ ಹಾಕಿ ನೋಡೋಣ. ಆಗಸ್ಟ್ 28ರಂದು ವ್ಯಾಂಕೂವರಿಗೆ ಬಂದಿಳಿದವನಿಗೆ ನವೆಂಬರ್ 1ರಿಂದ ರಕ್ಷಣೆ ಆರಂಭವಾಗುತ್ತದೆ. ಸೆಪ್ಟೆಂಬರ್ 2ರಂದು ಇಳಿದವನಾದರೋ ಡಿಸೆಂಬರ್ 1ರವರೆಗೆ ಕಾಯಬೇಕು. ಪ್ರಯಾಣದಲ್ಲಿ ಐದು ದಿನಗಳ ಅಂತರ, ವಿಮೆಯಲ್ಲಿ ಒಂದು ತಿಂಗಳಿನ ಅಂತರ! ವಿಮಾನದ ಚೀಟಿಯನ್ನು ಕೊಳ್ಳುವಾಗ ಇದನ್ನು ಯೋಚಿಸುವವರು ಎಷ್ಟು ಮಂದಿ?

ಈ ನಡುವಣ ಕಾಲಕ್ಕೆ ಆಸರೆಯಾಗಿ ಇರುವುದೇ ತಾತ್ಕಾಲಿಕ ವಿಮೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆ ಐಮೆಡ್ ಎಂದು ಹೆಸರು. ಹೊಸದಾಗಿ ಬಂದ ಪರದೇಶದ ವಿದ್ಯಾರ್ಥಿಯ ಲೆಕ್ಕಕ್ಕೆ ಅದರ ಶುಲ್ಕವನ್ನು ವಿಶ್ವವಿದ್ಯಾನಿಲಯದವರೇ ಸೇರಿಸುತ್ತಾರೆ. ಎಲ್ಲ ವಿದ್ಯಾಸಂಸ್ಥೆಗಳಲ್ಲಿಯೂ ಹೀಗೆಯೇ ಎಂದು ನಂಬಿ ಕೂರತಕ್ಕದ್ದಲ್ಲ. ಪಟ್ಟಿಯಲ್ಲಿ ಆ ಸಾಲಿಲ್ಲದಿದ್ದರೆ ಸಂಸ್ಥೆಯವರನ್ನು ಕೇಳಿ, ಅಗತ್ಯವಾದರೆ ಬೇರೆ ವಿಮೆಯನ್ನು ಕೊಳ್ಳಬೇಕು.

ಸಾಲಿದ್ದರೂ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಮೊದಲನೆಯದು, ರಕ್ಷಣೆಯು ಯಾವ ದಿನದಿಂದ ಯಾವ ದಿನದವರೆಗೆ? ಪಾಠಗಳು ಆರಂಭವಾಗುವುದಕ್ಕೆ ಮೊದಲೇ ಹೋಗಿ ಕೊಠಡಿ ಹುಡುಕುವ ಹುಡುಗನಿಗೆ ಆ ಮುಂಚಿನ ದಿನಗಳು ಬರಿದಾಗಿ ಉಳಿಯಬಾರದು. ಎರಡನೆಯದು, ವಿಮೆಗೆ ಮುಂಚಿನಿಂದಲೇ ಇರುವ ವ್ಯಾಧಿಗಳ ವಿಷಯದಲ್ಲಿ ನಿಯಮವೇನು? ಅಲ್ಪಕಾಲದ ವಿಮೆಗಳು ಬಹುಮಟ್ಟಿಗೆ ಅಪಘಾತಕ್ಕೂ ಹಠಾತ್ತಾಗಿ ಬಂದ ಕಾಯಿಲೆಗೂ ಏರ್ಪಟ್ಟವು. ಉಬ್ಬಸ ಮಧುಮೇಹಗಳಂಥ ಹಳೆಯ ರೋಗಗಳ ವಾಡಿಕೆಯ ಚಿಕಿತ್ಸೆಯನ್ನು ಅನೇಕವು ಬಿಟ್ಟುಬಿಡುತ್ತವೆ. ಅಂಥ ಮಕ್ಕಳು ವೈದ್ಯರ ಬರಹದೊಡನೆ ಆ ದೇಶದ ನಿಯಮವು ಒಪ್ಪುವಷ್ಟು ಔಷಧವನ್ನು ಒಯ್ಯುವುದು ಲೇಸು. ಮೂರನೆಯದು, ಹಣವನ್ನು ವಿಮೆಯವರು ನೇರವಾಗಿ ಆಸ್ಪತ್ರೆಗೆ ಕೊಡುವರೋ, ಅಥವಾ ವಿದ್ಯಾರ್ಥಿಯು ಮೊದಲು ತೆತ್ತು ಆಮೇಲೆ ಬೇಡಿ ಪಡೆಯಬೇಕೋ? ಎರಡನೆಯ ಕ್ರಮವಾದರೆ ಕೈಯಲ್ಲಿ ಸ್ವಲ್ಪ ಹಣವಿರಬೇಕು, ರಸೀತಿಗಳನ್ನು ಜೋಪಾನವಾಗಿಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪ್ರಾಂತದ ವಿಮೆಯು ತಾನಾಗಿ ಬರುವುದಲ್ಲ. ವಿದ್ಯಾರ್ಥಿಯು ಬಂದಿಳಿದ ಕೂಡಲೆ ಅರ್ಜಿ ಹಾಕಬೇಕು. “ಮೂರು ತಿಂಗಳಿದೆಯಲ್ಲ, ಆಮೇಲೆ ನೋಡೋಣ” ಎಂದು ಸುಮ್ಮನಿದ್ದರೆ, ಒಂದು ವಿಮೆಯು ಮುಗಿದು ಇನ್ನೊಂದು ಹತ್ತದೆ ನಡುನೀರಿನಲ್ಲಿ ನಿಲ್ಲಬೇಕಾದೀತು.

ಮುಂದೆ ತಿಂಗಳಿಗೆ 75 ಡಾಲರಿನಂತೆ, ವರ್ಷಕ್ಕೆ 900 ಡಾಲರು. ಇದು 2020ರ ಜನವರಿ 1ರಿಂದ ಪರದೇಶದ ವಿದ್ಯಾರ್ಥಿಗಳಿಗೆ ಗೊತ್ತುಪಡಿಸಿದ ದರ. ಅದೇ ದಿನದಿಂದ ಪ್ರಾಂತದ ನಿವಾಸಿಗಳಿಗೆ ಮಾಸಿಕ ಕಂತನ್ನು ರದ್ದುಪಡಿಸಿದರು. ಇದು ಪಕ್ಷಪಾತವೆಂದು ಕೆಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ಈ ಹಣಕ್ಕೆ ವೈದ್ಯರ ಮತ್ತು ಆಸ್ಪತ್ರೆಯ ಅಗತ್ಯ ಚಿಕಿತ್ಸೆ ದೊರೆಯುತ್ತದೆ. ಅಂಗಡಿಯಲ್ಲಿ ಕೊಳ್ಳುವ ಔಷಧ, ಹಲ್ಲಿನ ವಾಡಿಕೆಯ ಚಿಕಿತ್ಸೆ, ಕನ್ನಡಕ, ಇವು ಸಾಮಾನ್ಯವಾಗಿ ಇದರಲ್ಲಿ ಸೇರವು. ಅವುಗಳಿಗಾಗಿ ವಿದ್ಯಾರ್ಥಿ ಸಂಘಗಳ ಪ್ರತ್ಯೇಕ ಯೋಜನೆಗಳುಂಟು. ಹೀಗೆ ಶುಲ್ಕದ ಪಟ್ಟಿಯಲ್ಲಿ ಆರೋಗ್ಯದ ಹೆಸರಿನಲ್ಲಿ ಎರಡು ಮೂರು ಸಾಲುಗಳು ಕಂಡರೆ, ಒಂದನ್ನೇ ಎರಡು ಸಲ ಕೇಳಿದರೆಂದು ಅವಸರದಿಂದ ತಿಳಿಯಬಾರದು. ಒಂದೊಂದರ ಕೆಲಸವೂ ಬೇರೆ.

ಬೇರೆ ದೇಶಗಳ ಪದ್ಧತಿಯು ಬೇರೆ. ಬ್ರಿಟನ್ನಿನಲ್ಲಿ ಆರು ತಿಂಗಳಿಗೂ ಹೆಚ್ಚಿನ ವ್ಯಾಸಂಗಕ್ಕೆ ಹೋಗುವವರು ವೀಸಾ ಅರ್ಜಿಯೊಡನೆಯೇ ಆರೋಗ್ಯದ ಹಣವನ್ನು ತೆರಬೇಕು; 2024ರ ಫೆಬ್ರವರಿಯಲ್ಲಿ ವಿಧಿಸಿದ ದರವು ವಿದ್ಯಾರ್ಥಿಗಳಿಗೆ ವರ್ಷವೊಂದಕ್ಕೆ 776 ಪೌಂಡು. ಜರ್ಮನಿಯಲ್ಲಿ ವಿಮೆಯ ಪ್ರಮಾಣವಿಲ್ಲದೆ ವಿಶ್ವವಿದ್ಯಾನಿಲಯದಲ್ಲಿ ಹೆಸರು ದಾಖಲಾಗದು. ಮೂವತ್ತು ವಯಸ್ಸಿನೊಳಗಿನವರಿಗೆ ಸಾರ್ವಜನಿಕ ವಿಮೆಯಲ್ಲಿ ವಿದ್ಯಾರ್ಥಿಗಳ ದರವುಂಟು. ಆದರೆ ಅಲ್ಲಿಯೂ ದೇಶವನ್ನು ಮುಟ್ಟಿದ ದಿನದಿಂದ ಆ ವಿಮೆ ಆರಂಭವಾಗುವವರೆಗೆ ಪ್ರಯಾಣದ ವಿಮೆಯೇ ಗತಿ. ಎಲ್ಲಿ ಹೋದರೂ ಕೇಳಬೇಕಾದ ಪ್ರಶ್ನೆ ಒಂದೇ: ಇಳಿದ ದಿನದಿಂದ ಕಾಯಂ ವಿಮೆ ಹತ್ತುವ ದಿನದವರೆಗೆ ಯಾರು ಹೊಣೆ?

ಹಣಕ್ಕಿಂತಲೂ ಮುಖ್ಯವಾದುದು ಮಕ್ಕಳ ಮನಸ್ಸು. ಮನೆಯವರು ಸಾಲ ಮಾಡಿ ಕಳುಹಿಸಿದ್ದಾರೆಂಬುದನ್ನು ಬಲ್ಲ ಮಗು, ಹೊಟ್ಟೆನೋವು ಬಂದರೆ “ನಾಳೆ ಕಡಿಮೆಯಾದೀತು” ಎಂದು ಹಲ್ಲುಕಚ್ಚಿ ಮಲಗುತ್ತದೆ. ತಾಯಿಯು ದೂರವಾಣಿಯಲ್ಲಿ ಕೇಳಿದರೆ “ಚೆನ್ನಾಗಿದ್ದೇನಮ್ಮ” ಎನ್ನುತ್ತದೆ. ಕರುಳಿನ ಉರಿಯೂತಕ್ಕೆ ನಾಳೆಯೆಂಬುದಿಲ್ಲ. ತನ್ನ ಹೆಸರಿನಲ್ಲಿ ವಿಮೆಯಿದೆ, ಅದರ ಸಂಖ್ಯೆಯು ತನ್ನ ಜೇಬಿನಲ್ಲಿದೆ ಎಂಬ ಧೈರ್ಯವೊಂದಿದ್ದರೆ, ಅದೇ ಮಗು ಆ ರಾತ್ರಿಯೇ ಎದ್ದು ಆಸ್ಪತ್ರೆಯ ಬಾಗಿಲು ತಟ್ಟುತ್ತದೆ. ಆ ಸಣ್ಣ ಶುಲ್ಕದಿಂದ ನಾವು ಕೊಳ್ಳುವುದು ಈ ಧೈರ್ಯವನ್ನು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ವಿವೇಕವಲ್ಲ. ಪೆಟ್ಟಿಗೆಯನ್ನು ಕಟ್ಟುವ ಮುನ್ನಾದಿನ ತಂದೆತಾಯಿಗಳು ಮಗುವನ್ನು ಹತ್ತಿರ ಕೂರಿಸಿಕೊಂಡು ವಿಮೆಯ ಕಾಗದವನ್ನು ಒಟ್ಟಿಗೆ ಓದಲಿ. ಆರಂಭದ ದಿನವನ್ನೂ ಮುಗಿಯುವ ದಿನವನ್ನೂ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು ಇನ್ನೊಂದನ್ನು ಪಾಸ್‌ಪೋರ್ಟಿನೊಡನೆ ಇಡಲಿ. ಬಳಿಕ, “ಕಾಯಿಲೆಯಾದರೆ ಖರ್ಚಿನ ಯೋಚನೆ ನಿನಗೆ ಬೇಡ, ಮೊದಲು ವೈದ್ಯರ ಬಳಿಗೆ ಹೋಗು” ಎಂಬ ಮಾತನ್ನು ಬಾಯಿಬಿಟ್ಟು ಹೇಳಿ ಕಳುಹಿಸಲಿ.