ಪೀಣ್ಯದ ತಗಡಿನಲ್ಲಿ ನಮ್ಮದೇ ಕ್ಯಾಬಿನೆಟ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಎಲ್ಲವನ್ನೂ ಬೇಕಾದಂತೆ ಆರಿಸಿಕೊಳ್ಳಬಹುದು. ಅವನ್ನೆಲ್ಲ ಹೊತ್ತು ನಿಲ್ಲುವ ಕ್ಯಾಬಿನೆಟ್ ಮಾತ್ರ ಬೇರೆ ಯಾರೋ ತೀರ್ಮಾನಿಸಿದ ಅಳತೆಯಲ್ಲೇ ಸಿಗುತ್ತದೆ. ಮೇಜಿನ ಮೇಲೆ ಜಾಗವಿಲ್ಲದವರಿಗೆ ಅದು ದೊಡ್ಡದು, ಉದ್ದನೆಯ ಕಾರ್ಡ್ ಕೊಂಡವರಿಗೆ ಚಿಕ್ಕದು. ಹಾಗಾಗಿ ತಮ್ಮ ಕ್ಯಾಬಿನೆಟ್ಟನ್ನು ತಾವೇ ಮಾಡಿಕೊಳ್ಳುವ ಹವ್ಯಾಸ ಜಗತ್ತಿನ ಹಲವೆಡೆ ಬೆಳೆದಿದೆ. ಅದಕ್ಕೆ ಬೆಂಗಳೂರಿನಷ್ಟು ಅನುಕೂಲವಿರುವ ಊರುಗಳು ಹೆಚ್ಚಿಲ್ಲ. ಕಾರಣ, ಪೀಣ್ಯ.

ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ ಸ್ಥಾಪನೆಯಾದದ್ದು 1953ರಲ್ಲಿ, ಎಲೆಕ್ಟ್ರಾನಿಕ್ ಸಾಧನ ತಯಾರಿಸುವ ಬಿಇಎಲ್ 1954ರಲ್ಲಿ. ಎರಡೂ ಜಾಲಹಳ್ಳಿಯ ನೆಲದಲ್ಲಿ ಬೇರೂರಿದವು. 1970ರ ದಶಕದಲ್ಲಿ ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. ಈಗ ಅಲ್ಲಿ ತಗಡು ಕತ್ತರಿಸುವ, ಮಡಿಸುವ, ಬಣ್ಣ ಹಚ್ಚುವ ಜಾಬ್ ವರ್ಕ್ ಘಟಕಗಳು ಬೀದಿ ಬೀದಿಯಲ್ಲಿವೆ. ವಿನ್ಯಾಸದ ಚಿತ್ರ ಬಿಡಿಸುವವರು ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾರೆ, ಲೋಹ ಬಲ್ಲವರು ಇಲ್ಲಿದ್ದಾರೆ. ಈ ಎರಡು ಬೆಂಗಳೂರುಗಳು ಭೇಟಿಯಾಗುವುದು ಅಪರೂಪ. ಆದರೆ ಭೇಟಿಯಾದಾಗ ಏನಾಗುತ್ತದೆಂಬುದಕ್ಕೆ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ಉದಾಹರಣೆ ಇದೆ: ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕಟ್ಟಿದ ಪಿಕೋಪೆಟಾ ಕಂಪನಿ ರೂಪಿಸಿದ ಅಮಿಡಾ ಸಿಂಪ್ಯೂಟರನ್ನು ಬಿಇಎಲ್ ತಯಾರಿಸಿತು, 2004ರಲ್ಲಿ ಅದು ಮಾರುಕಟ್ಟೆಗೆ ಬಂತು. ಕ್ಯಾಬಿನೆಟ್ ಮಾಡಿಕೊಳ್ಳುವವರೂ ಚಿಕ್ಕ ಪ್ರಮಾಣದಲ್ಲಿ ಅದೇ ಭೇಟಿಯನ್ನು ಏರ್ಪಡಿಸುತ್ತಾರೆ.

ಪೆಟ್ಟಿಗೆಯ ಚಿಂತೆಯನ್ನು ಕೊಂಡವರಿಗೇ ಬಿಡುವುದು ಹೊಸತಲ್ಲ. 1976ರ ಆಪಲ್-1 ಬಂದದ್ದು ಬರೀ ಬೋರ್ಡಾಗಿ. ಕೀಬೋರ್ಡ್, ಟ್ರಾನ್ಸ್‌ಫಾರ್ಮರ್, ಪೆಟ್ಟಿಗೆ ಎಲ್ಲವನ್ನೂ ಬೇರೆಯಾಗಿ ಹೊಂದಿಸಿಕೊಳ್ಳಬೇಕಿತ್ತು. ಉಳಿದುಕೊಂಡಿರುವ ಕೆಲವು ಆಪಲ್-1ಗಳು ಇಂದಿಗೂ ಮರದ ಪೆಟ್ಟಿಗೆಯೊಳಗಿವೆ.

ಈಗ ಕೆಲಸ ಹೆಚ್ಚು ಸುಲಭ, ಏಕೆಂದರೆ ಬಿಡಿಭಾಗಗಳ ಅಳತೆ ಎಲ್ಲೆಡೆ ಒಂದೇ. ಇಂಟೆಲ್ 1995ರಲ್ಲಿ ಹೊರತಂದ ಎಟಿಎಕ್ಸ್ ಮಾನದಂಡದಲ್ಲಿ ಬೋರ್ಡಿನ ಗಾತ್ರ 305 × 244 ಮಿ.ಮೀ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಮಿನಿ-ಐಟಿಎಕ್ಸ್ 170 × 170 ಮಿ.ಮೀ., ಮೊದಲ ಪ್ರಯತ್ನಕ್ಕೆ ಇದೇ ಒಳ್ಳೆಯದು. ಹಿಂಬದಿಯ ಸಾಕೆಟ್ಟುಗಳ ಕಿಂಡಿ 158.75 × 44.45, ಒಂದು ಕಾರ್ಡ್ ಸ್ಲಾಟಿನಿಂದ ಇನ್ನೊಂದಕ್ಕೆ 20.32, 120 ಮಿ.ಮೀ. ಫ್ಯಾನಿನ ಸ್ಕ್ರೂ ತೂತುಗಳ ನಡುವೆ 105 ಮಿ.ಮೀ. ಈ ಅಳತೆಗಳನ್ನು ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ಕೂರಿಸಿ, ಚಿತ್ರವನ್ನು ನಿಜಗಾತ್ರದಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ ಕತ್ತರಿಸಿ, ಅದರ ಮೇಲೆ ಬೋರ್ಡ್ ಇಟ್ಟು ನೋಡಬೇಕು. ಕೇಬಲ್ ತಿರುಗಲು ಜಾಗ ಸಾಲದು ಎಂಬುದು ಪರದೆಯ ಮೇಲೆ ಕಾಣುವುದಿಲ್ಲ, ರಟ್ಟಿನಲ್ಲಿ ತಕ್ಷಣ ಕಾಣುತ್ತದೆ.

ಕತ್ತರಿಸುವುದು ಕಷ್ಟವಲ್ಲ. ಡಿಎಕ್ಸ್‌ಎಫ್ ಫೈಲ್ ಕೊಟ್ಟರೆ ಲೇಸರ್ ಯಂತ್ರ 1 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟನ್ನು ಗೆರೆ ತಪ್ಪದೆ ಕತ್ತರಿಸಿಕೊಡುತ್ತದೆ. ಅನನುಭವಿಗಳು ಎಡವುವುದು ಬೆಂಡಿಂಗ್‌ನಲ್ಲಿ. ಎರಡೂ ಕಡೆ ಹೊರ ಅಳತೆ 50 ಮಿ.ಮೀ. ಇರುವಂತೆ ಒಂದು ತಗಡನ್ನು ಲಂಬಕೋನದಲ್ಲಿ ಮಡಿಸಬೇಕೆನ್ನೋಣ. ಮಡಿಸುವ ಮೊದಲು ಅದರ ಉದ್ದ 100 ಇರಬೇಕೆಂದು ತೋರುತ್ತದೆ. ಅಲ್ಲ. ಮಡಿಕೆಯ ಮೂಲೆ ಚೂಪಾಗಿರುವುದಿಲ್ಲ, ದುಂಡಗಿರುತ್ತದೆ. ಅಲ್ಲಿ ತಗಡಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. 1 ಮಿ.ಮೀ. ದಪ್ಪದ ತಗಡು, ಒಳ ತಿರುವಿನ ತ್ರಿಜ್ಯವೂ 1 ಮಿ.ಮೀ. ಇದ್ದರೆ ಬೇಕಾದ ಉದ್ದ ಸುಮಾರು 98.2 ಮಾತ್ರ. ನಾಲ್ಕು ಮಡಿಕೆಗಳಿರುವ ಕವಚದಲ್ಲಿ ಈ ಲೆಕ್ಕ ಮರೆತರೆ 7 ಮಿ.ಮೀ. ವ್ಯತ್ಯಾಸ ಬರುತ್ತದೆ, ಮುಚ್ಚಳ ಕೂರುವುದೇ ಇಲ್ಲ.

ಎಷ್ಟು ಕಳೆಯಬೇಕೆಂಬುದು ತಗಡಿನ ಜೊತೆಗೆ ಆ ಘಟಕದಲ್ಲಿ ತಗಡು ಮಡಿಸುವ ಪ್ರೆಸ್ ಬ್ರೇಕ್ ಯಂತ್ರಕ್ಕೆ ಹಾಕಿರುವ ಡೈ, ಪಂಚ್‌ಗಳನ್ನೂ ಅವಲಂಬಿಸುತ್ತದೆ. ತಂತ್ರಾಂಶ ಹೇಳುವುದು ಅಂದಾಜು. ನಿಖರ ಸಂಖ್ಯೆ ಇರುವುದು ಆ ಯಂತ್ರದ ಆಪರೇಟರ್ ಬಳಿ. ಆದ್ದರಿಂದ ಚಿತ್ರ ಮುಗಿಸುವ ಮೊದಲೇ ಅವರ ಬಳಿ ಹೋಗಬೇಕು. ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಅರ್ಧ ಗಂಟೆ ಅದೇ. ಮಡಿಕೆಗೆ ತೀರಾ ಹತ್ತಿರವಿರುವ ತೂತು ಎಳೆದುಕೊಂಡು ಮೊಟ್ಟೆಯಾಕಾರಕ್ಕೆ ಬರುತ್ತದೆಂದು, 6061-ಟಿ6 ಅಲ್ಯೂಮಿನಿಯಂ ಬಿಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆಂದು, 5052 ಚೆನ್ನಾಗಿ ಬಾಗುತ್ತದೆಂದು ಅವರ ಕೈಗಳಿಗೆ ಗೊತ್ತು. ಅವರ ಬಳಿ ಹೋಗುವುದೂ ಈಗ ಕಷ್ಟವಲ್ಲ: 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಿಂದ ಆರ್.ವಿ. ರಸ್ತೆಗೆ ಬಂದು, ಹಸಿರು ಮಾರ್ಗ ಹಿಡಿದರೆ ಪೀಣ್ಯ ತಲುಪಬಹುದು.

"ಎಷ್ಟು ಪೀಸ್ ಸರ್?" ಎಂಬ ಪ್ರಶ್ನೆಗೆ ಸಿದ್ಧರಿರಬೇಕು. ಸಾವಿರಗಳ ಲೆಕ್ಕದಲ್ಲಿ ಆರ್ಡರ್ ಪಡೆಯುವ ಕಡೆ ಒಂದೇ ಪೀಸ್ ಎಂದರೆ ಯಂತ್ರದ ಸೆಟ್ಟಿಂಗ್‌ಗೇ ಹೊತ್ತು ಹೋಗುತ್ತದೆ. ಎಲ್ಲ ಭಾಗಗಳನ್ನೂ ಒಂದೇ ದಪ್ಪದಲ್ಲಿ ರೂಪಿಸಿ ಒಂದೇ ಶೀಟಿನಲ್ಲಿ ಹೊಂದಿಸಿ, ಯಂತ್ರ ಬಿಡುವಾದಾಗ ಮಾಡಿಕೊಡಿ ಎಂದು ಕೇಳಿಕೊಂಡರೆ ಒಪ್ಪುವವರು ಸಿಗುತ್ತಾರೆ. ಪಾರದರ್ಶಕ ಅಕ್ರಿಲಿಕ್ ಬದಿ ಬೇಕಿದ್ದರೆ ಬೇರೆ ಅಂಗಡಿ ಹುಡುಕಬೇಕು: ತಗಡು ಕತ್ತರಿಸುವ ಫೈಬರ್ ಲೇಸರ್‌ನ ಬೆಳಕು ಅಕ್ರಿಲಿಕ್ ಮೂಲಕ ಹಾದುಹೋಗುತ್ತದೆ, ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಬೇಕು. ಮೂರು ಆಯಾಮದ ಮುದ್ರಣದ ಭಾಗಗಳನ್ನು ಬಳಸುವವರು ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಯಲ್ಲೇ ಮೆತ್ತಗಾಗುತ್ತದೆಂಬುದನ್ನು ಗಮನದಲ್ಲಿಡಬೇಕು.

ಸ್ಕ್ರೂಗಳ ವಿಷಯವೂ ಹಗುರವಲ್ಲ. ಎಂ3 ಸ್ಕ್ರೂವಿನ ಸುತ್ತುಗಳ ನಡುವಿನ ಅಂತರ 0.5 ಮಿ.ಮೀ.; 1 ಮಿ.ಮೀ. ತಗಡಿಗೆ ನೇರವಾಗಿ ಟ್ಯಾಪ್ ಹೊಡೆದರೆ ಹಿಡಿತಕ್ಕೆ ಸಿಗುವುದು ಎರಡೇ ಸುತ್ತು, ನಾಲ್ಕು ಸಲ ಬಿಚ್ಚಿ ಹಾಕಿದರೆ ಸವೆಯುತ್ತದೆ. ತಗಡಿಗೆ ಒತ್ತಿ ಕೂರಿಸುವ ಕ್ಲಿಂಚ್ ನಟ್ ಅಥವಾ ರಿವೆಟ್ ನಟ್ ಇದಕ್ಕೆ ಪರಿಹಾರ.

ಇನ್ನು ಗಾಳಿ. ಆರ್‌ಟಿಎಕ್ಸ್ 4090 ಕಾರ್ಡ್ ಒಂದೇ 450 ವ್ಯಾಟ್‌ವರೆಗೆ ಎಳೆಯುತ್ತದೆ, ಅಷ್ಟೂ ಶಾಖವಾಗಿ ಹೊರಬರಬೇಕು. 3 ಮಿ.ಮೀ. ತೂತುಗಳನ್ನು 4 ಮಿ.ಮೀ. ಅಂತರದಲ್ಲಿ ಜೇನುಗೂಡಿನ ಜೋಡಣೆಯಲ್ಲಿ ಕೊರೆದರೂ ತೆರೆದಿರುವುದು ಸುಮಾರು ಶೇ 51 ಭಾಗ ಮಾತ್ರ. ಅಂದಕ್ಕೆಂದು ಅಲ್ಲೊಂದು ಇಲ್ಲೊಂದು ಸೀಳು ಬಿಟ್ಟ ಮುಖಫಲಕ ಯಂತ್ರವನ್ನು ಉಸಿರುಗಟ್ಟಿಸುತ್ತದೆ. ಒಳಗೆ ಗಾಳಿ ತಳ್ಳುವ ಫ್ಯಾನುಗಳು ಹೊರಹಾಕುವವಕ್ಕಿಂತ ತುಸು ಹೆಚ್ಚಿರಲಿ, ಅವುಗಳ ಮುಂದೆ ತೆಗೆದು ತೊಳೆಯಬಹುದಾದ ಜಾಲರಿ ಇರಲಿ. ಆಗ ನಗರದ ಧೂಳು ಸಂದುಗೊಂದುಗಳಿಂದ ನುಗ್ಗುವ ಬದಲು ಜಾಲರಿಯಲ್ಲೇ ನಿಲ್ಲುತ್ತದೆ.

ಕೊನೆಯ ಹಂತ ಪೌಡರ್ ಕೋಟಿಂಗ್. ಪುಡಿಯನ್ನು ವಿದ್ಯುದಾವೇಶದಿಂದ ಅಂಟಿಸಿ ಸುಮಾರು 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ. ಪದರದ ದಪ್ಪ 60ರಿಂದ 100 ಮೈಕ್ರಾನ್. ತೂತುಗಳ ವ್ಯಾಸವೂ ಅದರ ಎರಡರಷ್ಟು ಕಿರಿದಾಗುತ್ತದೆ, ಹಾಗಾಗಿ ಎಂ3ಕ್ಕೆ 3.4 ಮಿ.ಮೀ. ತೂತು ಕ್ಷೇಮ. ಇದಕ್ಕಿಂತ ಮುಖ್ಯವಾದ ಸಂಗತಿ, ಈ ಪದರದಲ್ಲಿ ವಿದ್ಯುತ್ ಹರಿಯುವುದಿಲ್ಲ. ಕ್ಯಾಬಿನೆಟ್ಟಿನ ಲೋಹವೆಲ್ಲ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮೂಲಕ ಅರ್ತ್‌ಗೆ ಸೇರಿರಲೇಬೇಕು. ಎಸ್‌ಎಂಪಿಎಸ್ ಕೂರುವ ಜಾಗ, ಮದರ್‌ಬೋರ್ಡನ್ನು ಎತ್ತಿ ಹಿಡಿಯುವ ಸ್ಟ್ಯಾಂಡ್‌ಆಫ್‌ಗಳು, ಫಲಕಗಳು ಒಂದಕ್ಕೊಂದು ಸೇರುವ ಕಡೆಗಳಿಗೆ ಕೋಟಿಂಗ್‌ಗೆ ಮೊದಲೇ ಮಾಸ್ಕಿಂಗ್ ಟೇಪ್ ಹಾಕಿಸಬೇಕು. ಜೋಡಣೆ ಮುಗಿದ ಮೇಲೆ, ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವ ಮೊದಲು, ಕಂಟಿನ್ಯುಟಿ ಪರೀಕ್ಷೆಗೆ ಇಟ್ಟ ಮಲ್ಟಿಮೀಟರಿನ ಒಂದು ತುದಿಯನ್ನು ಪ್ಲಗ್ಗಿನ ಅರ್ತ್ ಪಿನ್ನಿಗೂ ಇನ್ನೊಂದನ್ನು ಪ್ರತಿ ಫಲಕದ ಬಣ್ಣವಿಲ್ಲದ ಜಾಗಕ್ಕೂ ಮುಟ್ಟಿಸಿ ನೋಡಬೇಕು. ಬೀಪ್ ಬಾರದ ಫಲಕವನ್ನು ಬಿಚ್ಚಿ, ಸ್ಕ್ರೂ ಕೂರುವ ಜಾಗದ ಬಣ್ಣವನ್ನು ಕೆರೆದು, ಮತ್ತೆ ಹಾಕಬೇಕು.