ಚಿತ್ರದ ಮೇಲಿಟ್ಟ ಅಂಗೈ

ಗುಳೇದಗುಡ್ಡದ ಖಣವನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. ಅದರ ವಿನ್ಯಾಸಗಳಲ್ಲೊಂದಕ್ಕೆ ‘ಆನೆಹೆಜ್ಜೆ’ ಎಂದು ಹೆಸರು. ಹೆಸರನ್ನರಿಯದವನಿಗೆ ಅದು ಬರಿಯ ನೆಯ್ಗೆಯ ಗುರುತು. ಹೆಸರು ಕಿವಿಗೆ ಬಿದ್ದೊಡನೆ ಕಾಣದ ಆನೆಯೊಂದು ಬಟ್ಟೆಯ ಮೇಲೆ ನಡೆದುಹೋದಂತಾಗುತ್ತದೆ. ಮಕ್ಕಳ ಚಿತ್ರಪುಸ್ತಕದಲ್ಲಿಯೂ ಮಾತು ಮತ್ತು ಚಿತ್ರ ಹೀಗೆಯೇ ಕೂಡಿ ದುಡಿಯುತ್ತವೆಂಬುದನ್ನು ನಾನು ಅರಿತದ್ದು ಬಹಳ ತಡವಾಗಿ.

ಮಾಸ್ತರಿಕೆಯ ದಿನಗಳಲ್ಲಿ ನನಗೊಂದು ರೂಢಿಯಿತ್ತು. ಓದುವ ಹುಡುಗನ ಕಣ್ಣು ಚಿತ್ರದ ಕಡೆಗೆ ಹೊರಳಿದರೆ ಅದರ ಮೇಲೆ ಅಂಗೈಯಿಟ್ಟು, ‘ಚಿತ್ರಾ ನೋಡಿ ಹೇಳಬ್ಯಾಡ, ಅಕ್ಷರಾ ನೋಡಿ ಓದು’ ಎನ್ನುತ್ತಿದ್ದೆ. ಚಿತ್ರವೆಂಬುದು ಅಕ್ಷರ ಬಾರದವರ ಊರುಗೋಲೆಂದು ನನ್ನ ಭಾವನೆ.

ಇದಕ್ಕೆ ಹಿಂದಿನವರ ಬೆಂಬಲವೂ ಉಂಟೆಂದು ತಿಳಿದಿದ್ದೆ. ಸಮೀಪದ ಪಟ್ಟದಕಲ್ಲಿನಲ್ಲಿ, ಎಂಟನೆಯ ಶತಮಾನದ ಪಾಪನಾಥ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣದ ಶಿಲ್ಪಗಳಿವೆ. ಪಾತ್ರಗಳ ಹೆಸರುಗಳನ್ನೂ ಅಲ್ಲಿ ಕೆತ್ತಿದ್ದಾರೆ. ಯುರೋಪಿನ ಕೊಮೇನಿಯಸ್ 1658ರಲ್ಲಿ ಪ್ರಕಟಿಸಿದ ಮಕ್ಕಳ ಸಚಿತ್ರ ಪಠ್ಯದಲ್ಲಿ ಚಿತ್ರದೊಳಗಿನ ವಸ್ತುಗಳಿಗೆ ಅಂಕಿಗಳನ್ನಿತ್ತು, ಅವೇ ಅಂಕಿಗಳಿಂದ ಪಾಠದ ಮಾತುಗಳನ್ನು ಗುರುತಿಸಿದ್ದಾರೆ. ಇವೆರಡರಲ್ಲಿಯೂ ಚಿತ್ರದಲ್ಲಿ ಕಾಣುವುದನ್ನೇ ಮಾತು ಹೆಸರಿಸುತ್ತದೆ. ಆದರೆ ಮಾತಿನ ಕೆಲಸ ಅಲ್ಲಿಗೇ ಮುಗಿಯದು.

ಇದನ್ನು ನನಗೆ ಕಲಿಸಿದವಳು ನನ್ನ ಆರು ವರ್ಷದ ಮೊಮ್ಮಗಳು. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಅವರ ‘ರೋಸಿಸ್ ವಾಕ್’ (1968) ಎಂಬ ಪುಸ್ತಕವನ್ನು ಅವಳಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಕೋಳಿಯೊಂದು ಅಂಗಳ ದಾಟಿ, ಕೊಳವನ್ನು ಬಳಸಿ, ತಿರುಗಾಡಿ ಊಟದ ಹೊತ್ತಿಗೆ ಮನೆ ಸೇರುತ್ತದೆ. ಮಾತಿನಲ್ಲಿರುವುದು ಇಷ್ಟೇ, ಅದೂ ಒಂದೇ ವಾಕ್ಯ. ನಾನು ಹಾಳೆ ಮಗುಚುವಷ್ಟರಲ್ಲಿ ಅವಳು ಕೈಹಿಡಿದು ತಡೆದಳು: ‘ಅಜ್ಜಾ, ಹಿಂದ ನರಿ ಬಂದೈತಿ! ನೀ ಯಾಕ ಹೇಳವಲ್ಲಿ?’

ನೋಡಿದೆ. ಕೋಳಿಯ ಬೆನ್ನಿಗೇ ನರಿ! ಒಮ್ಮೆ ನೀರಿಗೆ ಬೀಳುತ್ತದೆ, ಒಮ್ಮೆ ಹಿಟ್ಟಿನಲ್ಲಿ ಮುಚ್ಚಿಹೋಗುತ್ತದೆ, ಕೊನೆಗೆ ಜೇನ್ನೊಣಗಳಿಗೆ ಹೆದರಿ ಓಟಕೀಳುತ್ತದೆ. ಮಾತಿನಲ್ಲಿ ಅದರ ಸುಳಿವೇ ಇಲ್ಲ. ಕೋಳಿಗೂ ಕಥೆ ಹೇಳುವವನಿಗೂ ತಿಳಿಯದ ಗುಟ್ಟೊಂದು ಮಗುವಿನ ಕೈಸೇರಿದೆ. ಅದರ ನಗುವೆಲ್ಲ ಅಲ್ಲಿಂದಲೇ. ಬರೆದವರೂ ಚಿತ್ರಿಸಿದವರೂ ಒಬ್ಬರೇ ಆದುದರಿಂದ ಯಾವುದನ್ನು ಹೇಳಬಾರದೆಂದು ಅವರಿಗೆ ಗೊತ್ತಿತ್ತು. ಮಕ್ಕಳಿಗಾಗಿ ಬರೆಯುವ ನಮ್ಮ ಲೇಖಕರು ಚಿತ್ರಕಾರನಿಗೆ ಇಷ್ಟು ಎಡೆ ಬಿಟ್ಟುಕೊಡುವರೆ?

ಅಕ್ಷರಗಳನ್ನೆಲ್ಲ ಓದಿದ ನಾನು ಕಥೆಯ ಅರ್ಧವನ್ನೇ ಕಂಡಿರಲಿಲ್ಲ. ನನ್ನ ಅಂಗೈಯ ಕೆಳಗೆ ಅದೆಷ್ಟು ಹುಡುಗರ ನರಿಗಳು ಅಡಗಿಹೋದುವೋ!

ಮರುದಿನ ಅದೇ ಪುಸ್ತಕವನ್ನು ಮತ್ತೆ ಹೇಳಿದೆ. ನರಿಯ ಹೆಸರೆತ್ತಲಿಲ್ಲ, ಹಾಳೆಯನ್ನು ಮಗುಚುವ ಕೆಲಸವನ್ನು ಅವಳಿಗೇ ಬಿಟ್ಟೆ.