ಕೈಬಿಟ್ಟ ಸಾಕು ಹಾವು ಮನೆಗೆ ಬಂದರೆ: ಮೊದಲ ಹತ್ತು ದಿನದ ಆರೈಕೆ, ಆಮೇಲಿನ ಹೊಣೆ



ಗೋಶಾಲೆಗೆ ಮೇವು, ಹಕ್ಕಿಗಳಿಗೆ ಕಾಳು-ನೀರು, ಗಾಯಗೊಂಡ ನಾಯಿಗೆ ಔಷಧ ಇವು ನಮ್ಮ ಸಮಾಜದ ಮನೆಗಳಿಗೆ ಹೊಸತಲ್ಲ. ಆದರೆ ಪ್ರಾಣಿದಯೆಯ ಕೆಲಸದಲ್ಲಿರುವವರ ಮುಂದೆ ಈಗ ಹೊಸ ಪ್ರಶ್ನೆಯೊಂದು ಬರುತ್ತಿದೆ. ಬೆಂಗಳೂರಿನಂಥ ಊರುಗಳಲ್ಲಿ ಕೆಲವರು ವಿದೇಶಿ ಹಾವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾರೆ. ಕೆಲಸ ಬದಲಾಗುತ್ತದೆ, ಮದುವೆಯಾಗುತ್ತದೆ, ಬಾಡಿಗೆ ಮನೆಯವರು ಬೇಡ ಎನ್ನುತ್ತಾರೆ, ಇಲ್ಲವೇ ಆಸೆಯೇ ತೀರಿಹೋಗುತ್ತದೆ. ಕೊನೆಗೆ ಹಾವು ಯಾರಿಗೂ ಬೇಡವಾಗುತ್ತದೆ. "ನಿಮ್ಮವರು ಜೀವದಯೆಯವರಲ್ಲವೇ, ನೀವೇ ಇಟ್ಟುಕೊಳ್ಳಿ" ಎಂದು ಪೆಟ್ಟಿಗೆ ತಂದುಕೊಡುವವರೂ ಇದ್ದಾರೆ. ಓದಲು ಊರು ಬಿಟ್ಟ ನಮ್ಮ ಮಕ್ಕಳ ಕೈಗೆ ಸಹಪಾಠಿಯ ಹಾವು ಬಂದು ಸೇರಲೂಬಹುದು.

ಅಂಥ ಸಮಯದಲ್ಲಿ ಏನು ಮಾಡಬೇಕು, ಏನು ಮಾಡಬಾರದು, ನಮ್ಮಂಥ ಸಸ್ಯಾಹಾರಿ ಮನೆಗಳು ಎಲ್ಲಿಯವರೆಗೆ ಈ ಹೊಣೆ ಹೊರಬಹುದು ಎಂಬುದನ್ನು ಇಲ್ಲಿ ವಿವರಿಸಿದೆ. ಸಾಕು ಹಾವುಗಳಲ್ಲಿ ಹೆಚ್ಚಾಗಿ ಕಾಣುವ 'ಬಾಲ್ ಪೈಥಾನ್' ಅನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲು ಗುರುತು, ಆಮೇಲೆ ಕರುಣೆ

ನಾಗರಹಾವು, ಕೇರೆಹಾವು, ನಮ್ಮ ಕಾಡಿನ ಹೆಬ್ಬಾವು ಇವು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ರಕ್ಷಣೆಯಲ್ಲಿವೆ. ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹಿತ್ತಲಲ್ಲಿ ಸಿಕ್ಕಿತು, ಗಾಯವಾಗಿತ್ತು, ಆರೈಕೆಗೆಂದು ಇಟ್ಟುಕೊಂಡೆ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಬೇಕು.

ಇನ್ನೊಂದು ಅಪಾಯವೂ ಇದೆ. ಕಂದು ಮಚ್ಚೆಗಳಿರುವ ದಪ್ಪ ಹಾವನ್ನೆಲ್ಲ ಜನ ಹೆಬ್ಬಾವಿನ ಮರಿ ಎಂದುಕೊಳ್ಳುತ್ತಾರೆ. ಕಡುವಿಷದ ಕೊಳಕುಮಂಡಲವೂ ನೋಡಲು ಹಾಗೆಯೇ ಇರುತ್ತದೆ. ಮೊಬೈಲಿನಲ್ಲಿ ಚಿತ್ರ ಹೋಲಿಸಿ ಹಾವನ್ನು ಮುಟ್ಟುವ ಸಾಹಸ ಖಂಡಿತ ಬೇಡ.

ವಿದೇಶಿ ಹಾವಿನ ವಿಷಯ ಬೇರೆ. 2022ರ ತಿದ್ದುಪಡಿಯಲ್ಲಿ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನೂ ಕಾಯ್ದೆಯೊಳಗೆ ತರಲಾಯಿತು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. 2024ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು 'ಪರಿವೇಶ್' ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಪ್ರಾಣಿ ಕೈ ಬದಲಾದರೆ ಅದೂ ದಾಖಲಾಗಬೇಕು. ಆದ್ದರಿಂದ ಹಾವು ಕೊಡುವವರಿಂದ ಕಾಗದಪತ್ರ ಕೇಳಿ. ಇಲ್ಲವೆಂದರೆ, ನಾಲ್ಕು ದಿನದ ಮಟ್ಟಿಗೆ ಇಟ್ಟುಕೊಳ್ಳುವುದಾದರೂ ಮೊದಲ ದಿನವೇ ಅರಣ್ಯ ಇಲಾಖೆಗೆ ತಿಳಿಸಿ. ಬಿಲ್ಲಿಲ್ಲದ ಸರಕನ್ನು ಅಂಗಡಿಯಲ್ಲಿ ಇಳಿಸಿಕೊಂಡರೆ ಏನಾಗುತ್ತದೆಂದು ವ್ಯಾಪಾರಸ್ಥರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಲ್ ಪೈಥಾನ್‌ನ ಸ್ವಭಾವ

ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲಿನ ಹಾವು. ವಿಷವಿಲ್ಲ. ಬೆಳೆದರೆ ಮೂರರಿಂದ ಐದು ಅಡಿ. ಹಗಲು ಬಿಲದಲ್ಲಿ ಅಡಗಿದ್ದು ಸಂಜೆಯ ಮೇಲೆ ಹೊರಡುತ್ತದೆ. ಹೆದರಿದಾಗ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುವುದರಿಂದಲೇ ಈ ಹೆಸರು. ಒಳ್ಳೆಯ ಆರೈಕೆಯಲ್ಲಿ 20ರಿಂದ 30 ವರ್ಷ ಬದುಕುತ್ತದೆ. ತರುವಾಗ ಈ ಲೆಕ್ಕ ಹಾಕದವರೇ ಆಮೇಲೆ ಕೈಬಿಡುತ್ತಾರೆ.

ಹಾವು ಕೂಗುವುದಿಲ್ಲ, ಅಳುವುದಿಲ್ಲ. ನಾಯಿ ಹಸಿದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಹಾವು ಹಸಿದರೆ ಮನೆಯವರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಅದರ ಮೈಯನ್ನು ನೋಡಿ ನಾವೇ ತಿಳಿಯಬೇಕು:

- ಬೆನ್ನುಮೂಳೆ ಏಣಿನಂತೆ ಎದ್ದು ಕಾಣುತ್ತಿದ್ದರೆ ಬಹುಕಾಲದ ಹಸಿವು.
- ಚರ್ಮ ಸುಕ್ಕುಗಟ್ಟಿ ಕಣ್ಣು ಒಳಗಿಳಿದಿದ್ದರೆ ಮೈಯಲ್ಲಿ ನೀರಿನ ಕೊರತೆ.
- ಹಳೆಯ ಪೊರೆ ತುಂಡುತುಂಡಾಗಿ ಅಂಟಿಕೊಂಡಿದ್ದರೆ ಪೆಟ್ಟಿಗೆಯಲ್ಲಿ ತೇವಾಂಶ ಸಾಲದೇ ಇತ್ತು ಎಂದರ್ಥ.
- ನೀರಿನ ಬಟ್ಟಲಲ್ಲಿ, ಕಣ್ಣಿನ ಸುತ್ತ, ಗಲ್ಲದ ಕೆಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಓಡಾಡುತ್ತಿದ್ದರೆ ಅವು ರಕ್ತ ಹೀರುವ ನುಸಿಗಳು.
- ಬಾಯಿ ತೆರೆದು ಉಸಿರಾಡುವುದು, ಮೂಗು-ಬಾಯಿಯಲ್ಲಿ ಗುಳ್ಳೆ ಬರುವುದು, ಸಿಳ್ಳಿನಂಥ ಸದ್ದು ಇವು ಶ್ವಾಸಕೋಶದ ಸೋಂಕಿನ ಲಕ್ಷಣ.
- ಒಸಡು ಕೆಂಪಾಗಿ ಕೀವು ಕಂಡರೆ ಬಾಯಿಯ ಸೋಂಕು.

ಕೊನೆಯ ಎರಡು ಕಂಡರೆ ಕಾಯಬಾರದು. ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.

ಪೆಟ್ಟಿಗೆ ಹೇಗಿರಬೇಕು

ಹಾವಿನ ಮೈಗೆ ತನ್ನದೇ ಶಾಖವಿಲ್ಲ, ಹೊರಗಿನ ಶಾಖವೇ ಅದರ ಒಲೆ. ತಂಪಾದ ಹಾವಿನ ಹೊಟ್ಟೆಯಲ್ಲಿ ಆಹಾರ ಅರಗುವುದಿಲ್ಲ, ರೋಗದೊಡನೆ ಹೋರಾಡುವ ಶಕ್ತಿಯೂ ಇರುವುದಿಲ್ಲ. ಆದ್ದರಿಂದ ಆರೈಕೆ ಶುರುವಾಗುವುದು ಊಟದಿಂದಲ್ಲ, ಶಾಖದಿಂದ.

ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇರಬೇಕು. ಯಾವಾಗ ಎಲ್ಲಿರಬೇಕೆಂದು ಹಾವೇ ಆರಿಸಿಕೊಳ್ಳುತ್ತದೆ. ಹೀಟಿಂಗ್ ಮ್ಯಾಟ್ ಅನ್ನು ಪೆಟ್ಟಿಗೆಯ ಹೊರಗೆ, ಒಂದು ಬದಿಯ ತಳಕ್ಕೆ ಇಡಿ. ಶಾಖ ಹದ್ದುಬಸ್ತಿನಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಉರಿಸಬೇಡಿ. ಮೈ ಸುಡುತ್ತಿದ್ದರೂ ಹಾವು ಜಾಗ ಬಿಟ್ಟು ಕದಲದಿರುವುದುಂಟು. ಹೊಟ್ಟೆಯಡಿ ಸುಟ್ಟ ಗಾಯ ಕಾಣುವುದು ಹೀಗೆಯೇ. ಅಂಗಡಿಯಲ್ಲಿ ಸಿಗುವ ಬಿಸಿಯಾಗುವ ಕಲ್ಲುಗಳಂತೂ ಬೇಡವೇ ಬೇಡ. ಬೆಂಗಳೂರಿನ ಡಿಸೆಂಬರ್-ಜನವರಿ ರಾತ್ರಿಗಳಲ್ಲಿ ಕರೆಂಟು ಹೋದರೆ, ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಮೂಲೆಯಲ್ಲಿಡಬಹುದು.

ಎರಡು ಅಡಗುತಾಣ ಬೇಕು, ಬೆಚ್ಚಗಿನ ಬದಿಗೊಂದು, ತಂಪು ಬದಿಗೊಂದು. ಬಾಗಿಲು ಕತ್ತರಿಸಿದ ರಟ್ಟಿನ ಡಬ್ಬವೂ ಸಾಕು. ಹಾವಿನ ಮೈ ಎಲ್ಲ ಕಡೆಯೂ ತಾಗುವಷ್ಟು ಇಕ್ಕಟ್ಟಾಗಿದ್ದರೆ ಅದಕ್ಕೆ ಧೈರ್ಯ. ತಳಕ್ಕೆ ಮೊದಲ ವಾರಗಳಲ್ಲಿ ಹಳೆಯ ವೃತ್ತಪತ್ರಿಕೆ ಹಾಸಿ. ನುಸಿ, ಮಲ, ರಕ್ತ ಇದ್ದರೆ ಕೂಡಲೇ ಕಾಣುತ್ತದೆ, ಬದಲಿಸುವುದೂ ಸುಲಭ. ತೇವಾಂಶ ಶೇಕಡಾ 55ರಿಂದ 65ರಷ್ಟಿರಲಿ. ಮುಚ್ಚಳಕ್ಕೆ ಭದ್ರವಾದ ಚಿಲಕವಿರಲಿ. ತಲೆ ತೂರುವಷ್ಟು ಸಂದಿಯಿದ್ದರೆ ಹಾವು ಹೊರಗೆ ಹೋಗಿಯೇ ತೀರುತ್ತದೆ.

ಮೊದಲ ಹತ್ತು ದಿನ

ಈ ಅವಧಿಯ ದೊಡ್ಡ ಔಷಧ ಎಂದರೆ ಸುಮ್ಮನೆ ಬಿಡುವುದು. ನೆಂಟರಿಗೆ ತೋರಿಸುವುದು, ಫೋಟೋ ತೆಗೆಯುವುದು, ಮಕ್ಕಳ ಕೈಗೆ ಕೊಡುವುದು ಯಾವುದೂ ಬೇಡ. ಜನ ಓಡಾಡದ ಕೋಣೆಯಲ್ಲಿ, ಟಿವಿ ಮತ್ತು ಮಿಕ್ಸಿಯಿಂದ ದೂರ ಇಡಿ. ಹಾವು ನೆಲದ ಅದುರುವಿಕೆಯನ್ನು ಮೈಯಿಂದಲೇ ಗ್ರಹಿಸುತ್ತದೆ.

ಮೊದಲ ದಿನ ಒಮ್ಮೆ ತೂಕ ಮಾಡಿ ಗ್ರಾಂ ಲೆಕ್ಕದಲ್ಲಿ ಬರೆದಿಡಿ. ಆಮೇಲೆ ವಾರಕ್ಕೊಮ್ಮೆ ಸಾಕು. ದಿನವಹಿ ಬರೆಯುವಂತೆ ಒಂದು ಪುಸ್ತಕವಿಡಿ: ತೂಕ, ಶಾಖ, ನೀರು ಬದಲಿಸಿದ್ದು, ಮಲ, ಪೊರೆ. ಮುಂದೆ ವೈದ್ಯರಿಗಾಗಲಿ, ಹಾವನ್ನು ವಹಿಸಿಕೊಳ್ಳುವವರಿಗಾಗಲಿ ಈ ಪುಸ್ತಕ ಬಹಳ ಉಪಯೋಗಕ್ಕೆ ಬರುತ್ತದೆ.

ನೀರನ್ನು ದಿನವೂ ಬದಲಿಸಿ. ಉರುಳದಂಥ ಅಗಲ ಬಟ್ಟಲಿರಲಿ. ಪೊರೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಕಣ್ಣಿನ ಮೇಲಿನ ಪೊರೆಯನ್ನು ಎಳೆದರೆ ಕಣ್ಣೇ ಹೋಗಬಹುದು. ತಂಪು ಬದಿಯ ಅಡಗುತಾಣದಲ್ಲಿ ಒದ್ದೆ ಪಾಚಿ ಅಥವಾ ಹಿಂಡಿದ ಒದ್ದೆ ಬಟ್ಟೆ ಇಟ್ಟರೆ ಎಷ್ಟೋ ಬಾರಿ ತಾನೇ ಕಳಚಿಕೊಳ್ಳುತ್ತದೆ. ಮನೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ಪೂರ್ತಿ ಬೇರೆ ಇಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣು ಇರುವುದುಂಟು. ಐದು ವರ್ಷದೊಳಗಿನ ಮಕ್ಕಳನ್ನೂ ವೃದ್ಧರನ್ನೂ ಹತ್ತಿರ ಬಿಡಬೇಡಿ. ಪೆಟ್ಟಿಗೆಯ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಹಾಲು ಬೇಡ

ಹಾವು ಹಾಲು ಕುಡಿಯುತ್ತದೆ ಎಂಬುದು ತಪ್ಪು ನಂಬಿಕೆ. ಹಾಲನ್ನು ಅರಗಿಸುವ ವ್ಯವಸ್ಥೆಯೇ ಅದರ ಹೊಟ್ಟೆಯಲ್ಲಿಲ್ಲ. ನಾಗರಪಂಚಮಿಯ ಮುಂಚೆ ಹಾವಾಡಿಗರು ಹಾವನ್ನು ದಿನಗಟ್ಟಲೆ ನೀರಿಲ್ಲದೆ ಇಡುವುದರಿಂದ ಬಾಯಾರಿಕೆಗೆ ಅದು ಹಾಲಿಗೂ ಬಾಯಿ ಹಾಕುತ್ತದೆ. ಭಕ್ತಿಯಿಂದ ಎರೆದ ಹಾಲೇ ಅದರ ಸಾವಿಗೆ ಕಾರಣವಾಗಬಹುದು.

ಬಾಲ್ ಪೈಥಾನ್ ತಿನ್ನುವುದು ಇಲಿಯಂಥ ಪ್ರಾಣಿಗಳನ್ನು. ಅನ್ನ, ಹಣ್ಣು, ಪನೀರು, ಸೋಯಾ ಯಾವುದೂ ನಡೆಯದು. ಅದನ್ನು ಸಸ್ಯಾಹಾರಿ ಮಾಡುವ ಉಪಾಯವಿಲ್ಲ. ಅನುಭವವುಳ್ಳ ಪಾಲಕರು ಕೊಡುವುದೂ ಮೊದಲೇ ಸತ್ತ, ಶೀತಲೀಕರಿಸಿದ ಇಲಿಯನ್ನು. ಬಹುಕಾಲ ಹಸಿದ ಹಾವಿಗೆ ಬಂದ ದಿನವೇ ಹೊಟ್ಟೆ ತುಂಬ ಕೊಟ್ಟರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಕುತ್ತು. ಅದಕ್ಕಾಗಿಯೇ ಒಂದು ವಾರದಿಂದ ಹತ್ತು ದಿನ ಶಾಖ, ನೀರು, ವಿಶ್ರಾಂತಿ ಕೊಟ್ಟು, ಆಮೇಲೆ ವೈದ್ಯರ ಸಲಹೆಯಂತೆ ಸಣ್ಣ ಪ್ರಮಾಣದಿಂದ ಆರಂಭಿಸುತ್ತಾರೆ. ಆರೋಗ್ಯವಂತ ಬಾಲ್ ಪೈಥಾನ್ ಕೆಲವೊಮ್ಮೆ ತಿಂಗಳುಗಟ್ಟಲೆ ತಿನ್ನದೆಯೂ ಇರಬಲ್ಲದು. ಆದರೆ ಆಗಲೇ ಬಡಕಲಾದ ಹಾವಿಗೆ ಆ ಉಳಿಕೆ ಇಲ್ಲ.

ನಮ್ಮ ಮನೆಗಳ ಪ್ರಶ್ನೆ

ಇಲ್ಲಿಗೆ ಬಂದಾಗ ಶ್ರಾವಕರ ಮನಸ್ಸು ನಿಂತುಬಿಡುತ್ತದೆ, ನಿಲ್ಲುವುದು ಸಹಜ. "ಮನೆಯ ಕೆಲಸದವನಿಂದ ಹಾಕಿಸಿದರಾಯಿತು" ಎಂಬ ಉಪಾಯವನ್ನು ಕೆಲವರು ಹೇಳುತ್ತಾರೆ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಪದ್ಧತಿ. ಮಾಡಿಸಿದರೂ ಮಾಡಿದಂತೆಯೇ.

"ಹಾಗಾದರೆ ಹಾವೂ ಉಪವಾಸವಿರಲಿ" ಎಂದವರೂ ಇದ್ದಾರೆ. ಉಪವಾಸವೆಂದರೆ ತಿಳಿದು, ಒಪ್ಪಿ ಕೈಗೊಳ್ಳುವ ವ್ರತ. ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಜೀವದ ಹಸಿವು ಉಪವಾಸವಾಗುವುದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೆನಪಿಸಿಕೊಳ್ಳಿ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲನೆಯದು ಕಟ್ಟಿಹಾಕುವುದು, ಕೊನೆಯದು ಅನ್ನ-ನೀರು ತಡೆಯುವುದು. ಹಾವನ್ನು ಪೆಟ್ಟಿಗೆಯಲ್ಲಿಟ್ಟು ಉಣಿಸದಿದ್ದರೆ ಎರಡೂ ತಟ್ಟುತ್ತವೆ.

ದೂರದ ಹೊಲದಲ್ಲಿ ಬಿಟ್ಟುಬರುವುದೂ ದಾರಿಯಲ್ಲ. ಬೇರೆ ನಾಡಿನ, ಪೆಟ್ಟಿಗೆಯಲ್ಲೇ ಬೆಳೆದ ಹಾವು ಇಲ್ಲಿನ ಚಳಿಗೆ, ಹದ್ದಿಗೆ, ಜನರ ದೊಣ್ಣೆಗೆ ಸಿಕ್ಕಿ ಸಾಯುತ್ತದೆ. ಅದರ ಮೈಯ ರೋಗ ನಮ್ಮ ಹಾವುಗಳಿಗೂ ಹರಡಬಹುದು.

ಹಾಗಾದರೆ ನಾವೇನು ಮಾಡಬಲ್ಲೆವು? ಮೇಲೆ ಹೇಳಿದ ಮೊದಲ ಹತ್ತು ದಿನಗಳನ್ನು ಗಮನಿಸಿ. ಅಲ್ಲಿ ಬೇಕಾದುದು ಶಾಖ, ನೀರು, ಸ್ವಚ್ಛತೆ, ಮೌನ. ಇವನ್ನು ಕೊಡಲು ಯಾವ ವ್ರತವೂ ಅಡ್ಡಿಯಲ್ಲ. ಅಷ್ಟರೊಳಗೆ ಇಲಾಖೆಗೆ ತಿಳಿಸಿ, ವೈದ್ಯರಿಗೆ ತೋರಿಸಿ, ಉಣಿಸಿ ಸಾಕಬಲ್ಲವರಿಗೆ ದಾಖಲೆ ಸಹಿತ ಒಪ್ಪಿಸುವುದು ನಮ್ಮ ಪಾಲಿನ ಹೊಣೆ. ಪೆಟ್ಟಿಗೆ, ಥರ್ಮೋಸ್ಟಾಟ್, ಚಿಕಿತ್ಸೆ ಇವುಗಳ ಖರ್ಚು ಭರಿಸಿದರೆ ಅದು ಜೀವರಕ್ಷಣೆಯ ದಾನವೇ. ಅಲ್ಲಿಯೂ ಹಾವು ಇಲಿಯನ್ನೇ ತಿನ್ನುತ್ತದೆ ಎಂಬ ಸತ್ಯವನ್ನು ಮುಚ್ಚಿಡುವುದು ಬೇಡ. ಅದು ಹಾವಿನ ಹುಟ್ಟುಗುಣ. ಅದನ್ನು ಪೆಟ್ಟಿಗೆಗೆ ತಂದವನು ಮನುಷ್ಯ. ಈ ವಿಷಯದಲ್ಲಿ ಇನ್ನೂ ಸಂಶಯವಿದ್ದರೆ ತಮ್ಮ ಊರಿನಲ್ಲಿರುವ ಮುನಿಗಳಲ್ಲಿ ಅಥವಾ ಮಠದ ಸ್ವಾಮೀಜಿಯವರಲ್ಲಿ ಕೇಳಿಕೊಳ್ಳಬಹುದು.

ಯಾರನ್ನು ಸಂಪರ್ಕಿಸಬೇಕು

- ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಜಿಲ್ಲೆಯಲ್ಲಾದರೆ ವಲಯ ಅರಣ್ಯಾಧಿಕಾರಿಯವರ ಕಚೇರಿ.
- ಚಿಕಿತ್ಸೆಗೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಸರೀಸೃಪ ನೋಡುವ ವೈದ್ಯರು ಯಾವ ದಿನ ಸಿಗುತ್ತಾರೆಂದು ಮೊದಲೇ ಫೋನಿನಲ್ಲಿ ಕೇಳಿಕೊಂಡು ಹೋಗಿ.
- ಸಾಗಿಸುವಾಗ ಗಂಟು ಹಾಕಿದ ಹತ್ತಿಬಟ್ಟೆಯ ಚೀಲದಲ್ಲಿ ಹಾವನ್ನಿಟ್ಟು, ಆ ಚೀಲವನ್ನು ಗಾಳಿ ರಂಧ್ರಗಳಿರುವ ಡಬ್ಬದಲ್ಲಿಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಭಗವಾನ್ ಪಾರ್ಶ್ವನಾಥರ ಚರಿತ್ರೆಯಲ್ಲಿ, ಉರಿಯುವ ಕಟ್ಟಿಗೆಯೊಳಗೆ ಹಾವುಗಳಿವೆ ಎಂಬುದು ಎಲ್ಲರಿಗಿಂತ ಮೊದಲು ರಾಜಕುಮಾರನಿಗೆ ಗೊತ್ತಾಯಿತು ಎಂದು ಮಕ್ಕಳಿಗೆ ಹೇಳುತ್ತೇವೆ. ಇವತ್ತಿನ ಮಕ್ಕಳಿಗೆ ಅದರ ಜೊತೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ: ಹಾವನ್ನಾಗಲಿ, ಆಮೆಯನ್ನಾಗಲಿ, ಗಿಣಿಯನ್ನಾಗಲಿ ಹಣ ಕೊಟ್ಟು ತರಬೇಡಿ, ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೇಳಬೇಡಿ. ಕೊಳ್ಳುವವರಿಲ್ಲದ ಸರಕನ್ನು ಯಾವ ವ್ಯಾಪಾರಿಯೂ ತರಿಸುವುದಿಲ್ಲ.